ಮೇಲಿನ ಮಾಡದ ವಿಭೂತಿ

ಅತ್ತೆವ್ವಾ, ಶರಣು. ಶಿವನ ಹತ್ತಿರವೇ ಇದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಸೊಸೆಯಾಗಿ ಕುಲಗೋಡಕ್ಕೆ ಬಂದಾಗ ನೀವು ಮೊದಲು ತೋರಿಸಿದ್ದು ದೇವರ ಗೋಡೆಯಲ್ಲಿ ಒಂದರ ಕೆಳಗೊಂದು ಗೂಡಿನಂತೆ ಕೊರೆದ ಮಾಡಗಳನ್ನು. ವಿಭೂತಿ ಬಟ್ಟಲು ಮೇಲಿನದರಲ್ಲಿ. ಮುಂದೆ ನಿಮ್ಮ ಕೀಲುಗಳು ಬಾತು ಕೈ ಏರದಂತಾದಾಗ ಬಟ್ಟಲು ನಡುವಿನ ಮಾಡಕ್ಕೆ ಇಳಿಯಿತು, ಆಮೇಲೆ ಕೆಳಗಿನದಕ್ಕೆ. "ನಾ ಮ್ಯಾಲ ಹೋಗೂದು ತಡ ಆತಂತ ಶಿವನ ಕೆಳಗ ಇಳದ ಬರಾಕತ್ತಾನ ನೋಡವಾ" ಎಂದು ನಗುತ್ತಿದ್ದಿರಿ. ನಿಮ್ಮ ತೋಳಿನ ಅಳತೆ ಗೋಡೆಯ ಮೇಲೇ ಇತ್ತು. ಡಾಕ್ಟರಿಗೆ ತೋರಿಸಬೇಕೆಂದು ನಮಗೆ ಯಾಕೆ ಹೊಳೆಯಲಿಲ್ಲ?

ನೀವು ಲಿಂಗೈಕ್ಯರಾದ ಮೇಲೆ ಬಟ್ಟಲು ಮತ್ತೆ ಮೇಲಕ್ಕೆ ಹೋಗಿತ್ತು. ಹೋದ ವರ್ಷ ನನ್ನ ಬಲಗೈಯೂ ಅದಕ್ಕೆ ಎಟುಕಲಿಲ್ಲ. "ಅತ್ತೀ ಆಸ್ತಿ ಸೊಸಿಗೆ ಬಂತು" ಎಂದು ನಿಮ್ಮ ಮಗ ಚೇಷ್ಟೆ ಮಾಡಿದರು. ಆದರೆ ಬಟ್ಟಲು ಇಳಿಸಿಕೊಡಿ ಎಂದಾಗ ಅವರ ಮುಖ ಸಣ್ಣದಾಯಿತು.

"ಅವ್ವ ಇದ್ದಾಗ ಒಮ್ಮಿ ಇಳದದ್ದು ಮತ್ತ ಏರಲಿಲ್ಲ. ಈಗ ಇಳಸೂದಿಲ್ಲ."

ಮರುದಿನವೇ ಗೋಕಾಕ ಬಸ್ಸು ಹತ್ತಿಸಿದರು. ಡಾಕ್ಟರು ರಕ್ತ ನೋಡಿ ಸಂಧಿವಾತ ಎಂದರು, ಗುಳಿಗೆ ಕೊಟ್ಟರು, ತೋಳು ಎಷ್ಟು ಏರುತ್ತದೆಂದು ಅಳೆಯಿಸಲು, ವ್ಯಾಯಾಮ ಕಲಿಸುವ ಹುಡುಗಿಯ ಹತ್ತಿರ ಕಳಿಸಿದರು.

"ಕೈ ಮ್ಯಾಲ ಎತ್ರಿ" ಎಂದಳು. ನಾನು ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ ಎತ್ತಿದೆ. ಬೇರೆ ಹೇಗೆ ಎತ್ತಬೇಕು, ನೀವೇ ಹೇಳಿ?

"ಶರಣಾರ್ಥಿ ಆಮ್ಯಾಲ ಮಾಡ್ರಿ ಅಕ್ಕಾರ! ಚಲೋ ಕೈ ಬ್ಯಾನಿ ಕೈನ ಎಳಕೊಂಡ ಹೊಂಟೈತಿ. ಬಲಗೈ ಅಷ್ಟ ಎತ್ರಿ."

ಒಂಟಿಯಾಗಿ ಅದು ಹೆಗಲ ಮಟ್ಟದಲ್ಲೇ ನಿಂತಿತು. ಪಟ್ಟಿ ಇಟ್ಟು ಅಳೆದಳು, ಹೆರಳು ಮುಟ್ಟಿಸಿದಳು, ಮುಷ್ಟಿ ಬಿಗಿಹಿಡಿಸಿದಳು. ಕೊನೆಗೆ, "ಈ ಕೈಲೆ ನಿಮಗ ಏನ ಮಾಡಬೇಕಾಗೈತ್ರಿ?"

"ಮ್ಯಾಲಿನ ಮಾಡದಾಗಿನ ವಿಭೂತಿ ತಗೋಬೇಕವಾ."

ನಗುತ್ತಾಳೆ ಅಂದುಕೊಂಡೆ. "ಮಾಡ ಎಷ್ಟ ಎತ್ತರ ಐತ್ರಿ?" ಎಂದು ಕೇಳಿ, ಆಸ್ಪತ್ರೆಯ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಹೋದಾಗಲೆಲ್ಲ ಅದರ ಕೆಳಗೆ ನಿಲ್ಲಿಸಿ ಕೈ ಎತ್ತಿಸುತ್ತಿದ್ದಳು. ಅಲ್ಲಿಯವರೆಗೆ ಮನೆಯಲ್ಲಿ ಬಟ್ಟಲು ತೆಗೆದುಕೊಡುತ್ತಿದ್ದವರು ನಿಮ್ಮ ಮಗ. ನಿಮಗೂ ಅಂಥ ಹುಡುಗಿಯೊಬ್ಬಳು ಸಿಕ್ಕಿದ್ದರೆ... ಇರಲಿ.

ಇವತ್ತು ಸೋಮವಾರ. ಜಳಕ ಮಾಡಿ ಬಲಗೈ ಒಂದನ್ನೇ ಎತ್ತಿದೆ. ಬೆರಳು ಇನ್ನೂ ಸೊಟ್ಟಗಿವೆ, ಹೆಗಲು ಕಟಕ್ ಎಂದಿತು. ಆದರೂ ಬಟ್ಟಲು ಕೈಗೆ ಬಂತು, ಅತ್ತೆವ್ವಾ! ಹಣೆಗೆ ಹಚ್ಚಿಕೊಂಡು ಅಲ್ಲೇ ಇಟ್ಟೆ. ನಿಮ್ಮ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಕೆಳಗಿನ ಮಾಡದ ಅಂಚಿನಲ್ಲಿ ನಿಮ್ಮ ಬೆರಳು ತಾಗಿ ತಾಗಿ ಆದ ಬೂದಿಯ ಗುರುತು ಇನ್ನೂ ಇದೆ. ಈ ಸಲ ಗೋಡೆಗೆ ಸುಣ್ಣ ಹಚ್ಚುವವಳು ನಾನೇ. ಅಷ್ಟು ಜಾಗ ಬಿಟ್ಟು ಹಚ್ಚುತ್ತೇನೆ.