ಮೂವತ್ನಾಲ್ಕು ನಿಮಿಷ ಬದುಕಿದವಳ ದಾಖಲೆ ತಿದ್ದುವ ಕುರಿತು

ಮಾನ್ಯ ಆರೋಗ್ಯಾಧಿಕಾರಿಗಳೇ,

ಹೋದ ವರ್ಷ ನನ್ನ ಮೊಮ್ಮಗಳು ಹುಟ್ಟಿ ಮೂವತ್ನಾಲ್ಕು ನಿಮಿಷ ಬದುಕಿದ್ದಳು. ನಿಮ್ಮ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದಾಳೆ. ಹೆರಿಗೆ ಕೋಣೆಯಲ್ಲಿ ಇದ್ದದ್ದು ನಾನು, ನೀವಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ಮೂರು ವರ್ಷಗಳಿಂದ ನಿಮ್ಮಲ್ಲಿ ಒಂದೂ ನವಜಾತ ಶಿಶು ಸತ್ತಿಲ್ಲವಂತೆ. ಹಸುಗೂಸುಗಳ ಸಾವು ತಗ್ಗಿಸಲು ಜಗತ್ತಿನ ತುಂಬ ಓದಿದವರು ತಲೆ ಕೆಡಿಸಿಕೊಂಡು ಕೂತಿದ್ದಾರೆ. ಬೆಚ್ಚಗಿಡಬೇಕು, ಉಸಿರು ಕೊಡಬೇಕು, ಬೇಗ ಎದೆಹಾಲು ಕುಡಿಸಬೇಕು ಎಂದು ಏನೇನೋ ಕಷ್ಟಪಡುತ್ತಾರೆ. ನೀವು ಒಂದು ನೀಲಿ ಪೆನ್ನಿನಲ್ಲಿ ಮುಗಿಸಿದ್ದೀರಿ. ಮುಂದಿನ ತಿಂಗಳು ಹೊರದೇಶದ ತಂಡವೊಂದು ನಿಮ್ಮ ವಿಧಾನ ಕಲಿಯಲು ಬರುತ್ತದೆಂದು ಪತ್ರಿಕೆಯಲ್ಲಿ ಓದಿದೆ. ಅವರ ಕೈಗೂ ಒಂದೊಂದು ಪೆನ್ನು ಕೊಟ್ಟು ಕಳಿಸುತ್ತೀರೋ?

ನಾನು ದರ್ಜಿ. ಶಾಲೆಗೆ ಹೋದವಳಲ್ಲ, ಅಕ್ಷರ ಕಲಿತದ್ದು ಅಳತೆ ಪುಸ್ತಕದಿಂದ. ಅಳತೆ ತಪ್ಪಿದರೆ ಮಾತ್ರ ನನ್ನ ಕಣ್ಣಿಗೆ ತಕ್ಷಣ ಬೀಳುತ್ತದೆ. ಆ ದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮಗು ಹುಟ್ಟಿ, ಸಣ್ಣಗೆ ಎರಡು ಸಲ ಅತ್ತು, ಆಮೇಲೆ ಉಸಿರಿಗೆ ತಡವರಿಸಿತು. ನರ್ಸಮ್ಮ ಬೆನ್ನು ಉಜ್ಜಿದರು. ಗಾಳಿ ಒತ್ತುವ ರಬ್ಬರ್ ಚೀಲ ತಂದು ಅದರ ಮಾಸ್ಕನ್ನು ಮುಖದ ಮೇಲಿಟ್ಟರು. ಮಾಸ್ಕು ದೊಡ್ಡವರದ್ದು. ಹಣೆಯಿಂದ ಗದ್ದದವರೆಗೂ ಮುಚ್ಚಿ ಇನ್ನೂ ಎರಡು ಬೆರಳಷ್ಟು ಮಿಕ್ಕಿತು. ಒತ್ತಿದ ಗಾಳಿಯೆಲ್ಲ ಪಕ್ಕದಿಂದ ಹೊರಗೆ.

“ಚಿಕ್ಕದು ತಗೊಳ್ಳಮ್ಮ,” ಅಂದೆ.

“ಇದ್ರೆ ತಾನೇ. ಮೂರು ಸಲ ಬರೆದು ಕಳ್ಸಿದೀನಿ.”

ಬಟ್ಟೆ ಮಡಿಚಿ ಅಂಚಿಗೆ ಕೊಟ್ಟೆ. ಇಬ್ಬರೂ ಸೇರಿ ಒತ್ತಿ ಹಿಡಿದೆವು. ಹತ್ತು ಐವತ್ನಾಲ್ಕಕ್ಕೆ ನರ್ಸಮ್ಮ ಕೈ ತೆಗೆದರು.

ಮೂರನೇ ದಿನ ದಾಖಲೆ ಕೋಣೆಗೆ ಹೋದೆ. ಗುಮಾಸ್ತರು ಕೆಟ್ಟವರಲ್ಲ, ಕೂರಲು ತಮ್ಮ ಕುರ್ಚಿಯನ್ನೇ ಕೊಟ್ಟರು.

“ಮಗು ಅತ್ತಿತ್ತಾ ಅಜ್ಜಿ?”

“ಎರಡು ಸಲ.”

“ಎರಡೇನಾ? ಹಾಗಾದ್ರೆ ಈ ಕಾಲಮ್ಮಿಗೆ. ಹುಟ್ಟುವಾಗಲೇ ಜೀವ ಇರಲಿಲ್ಲ ಅಂತ.”

“ಇನ್ನೆಷ್ಟು ಸಲ ಅಳಬೇಕಿತ್ತಪ್ಪ?”

ಅವರು ಕನ್ನಡಕ ಒರೆಸಿಕೊಂಡರು. “ಮೊದಲ ದಿನ ಹೋದ ಮಕ್ಕಳನ್ನೆಲ್ಲ ಇಲ್ಲೇ ಬರೀಬೇಕಂತೆ, ಮೇಲಿಂದ ಹೇಳಿದಾರೆ. ಬೇಡ ಅಂದ್ರೆ ಆ ಕಡೆ, ಹುಟ್ಟಿದ ಮೇಲೆ ಹೋಯ್ತು ಅಂತ ಬರೀತೀನಿ. ಆದ್ರೆ ವಿಚಾರಣೆ ಆಗತ್ತೆ. ಮೊದಲು ಹಿಡ್ಕೊಳ್ಳೋದು ಆ ನರ್ಸಮ್ಮನ್ನೇ.”

ಮೂವತ್ನಾಲ್ಕು ನಿಮಿಷ ಬೆವರು ಸುರಿಸಿದ ಹೆಣ್ಣುಮಗಳಿಗೆ ತೊಂದರೆ ಯಾಕೆ ಎಂದುಕೊಂಡೆ. ಅವರು ಮೊದಲು ತೋರಿಸಿದ ಕಾಲಮ್ಮಿಗೇ ಸಹಿ ಹಾಕಿ ಬಂದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಒಂದು ವರ್ಷ ಕಳೆದೆ.

ಹೋದ ವಾರ ಅದೇ ನರ್ಸಮ್ಮ, ನಾನು ಒತ್ತಾಯ ಮಾಡಿದ ಮೇಲೆ, ತಮ್ಮ ಬೇಡಿಕೆಗೆ ನಿಮ್ಮ ಕಚೇರಿ ಕೊಟ್ಟ ಉತ್ತರ ತೋರಿಸಿದರು. ‘ಸದರಿ ಆಸ್ಪತ್ರೆಯಲ್ಲಿ ನವಜಾತ ಶಿಶು ಮರಣ ವರದಿಯಾಗದಿರುವುದರಿಂದ ಚಿಕ್ಕ ಅಳತೆಯ ಮಾಸ್ಕಿನ ಅವಶ್ಯಕತೆ ಕಂಡುಬರುವುದಿಲ್ಲ.’ ಎಷ್ಟು ಅಚ್ಚುಕಟ್ಟು ನೋಡಿ. ಸತ್ತವರನ್ನು ಬರೆಯುವುದಿಲ್ಲವಾದ್ದರಿಂದ ಮಾಸ್ಕಿಲ್ಲ, ಮಾಸ್ಕಿಲ್ಲವಾದ್ದರಿಂದ ಸಾಯುತ್ತವೆ, ಸತ್ತರೆ ಬರೆಯುವುದಿಲ್ಲ. ಐವತ್ತು ವರ್ಷ ಹೊಲಿದವಳು ನಾನು, ಇಷ್ಟು ಬಿಗಿಯಾದ ಹೊಲಿಗೆ ಹಾಕಿಲ್ಲ. ಅದರಲ್ಲಿ ಒಂದು ಎಳೆ ನನ್ನ ಸಹಿಯದ್ದೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ ಆ ಸಹಿಯನ್ನು ಎಲ್ಲರೆದುರು ಹಿಂದಕ್ಕೆ ಪಡೆಯುತ್ತಿದ್ದೇನೆ. ನನ್ನ ಮೊಮ್ಮಗಳು ಹುಟ್ಟಿದ್ದಳು, ಬದುಕಿದ್ದಳು, ಆಮೇಲೆ ಸತ್ತಳು. ಅದೇ ಕ್ರಮದಲ್ಲಿ ಬರೆಯಿರಿ. ವಿಚಾರಣೆ ಮಾಡಿ. ನರ್ಸಮ್ಮನಿಂದ ಅಲ್ಲ, ಆ ಉತ್ತರಕ್ಕೆ ಸಹಿ ಹಾಕಿದವರಿಂದ ಶುರು ಮಾಡಿ. ಸಾಕ್ಷಿ ಹೇಳಲು ನಾನು ಬರುತ್ತೇನೆ. ಮಾಸ್ಕಿನ ಅಳತೆ ಬೇಕಿದ್ದರೆ ಅದೂ ನೆನಪಿದೆ: ಮೂಗು, ಬಾಯಿ ಮುಚ್ಚಿದರೆ ಸಾಕು, ಕಣ್ಣು ಹೊರಗಿರಬೇಕು.

ನನ್ನ ಮಗಳು ಈಗ ಮತ್ತೆ ಎಂಟು ತಿಂಗಳ ಬಸುರಿ. ಇನ್ನೊಂದು ಆಸ್ಪತ್ರೆಗೆ ನಾಲ್ಕು ತಾಸಿನ ದಾರಿ. ನಿನ್ನೆ ಕೇಳಿದಳು, “ಅಮ್ಮಾ, ಮತ್ತೆ ಅದೇ ಕೋಣೆಗೇ ಹೋಗೋದಾ?” ನಾನು ಸೂಜಿಗೆ ದಾರ ಪೋಣಿಸುತ್ತಿರುವವಳ ಹಾಗೆ ತಲೆ ತಗ್ಗಿಸಿದೆ. ಉತ್ತರ ನಿಮ್ಮ ಕಚೇರಿಯಿಂದ ಬರಬೇಕು. ನಾಲ್ಕು ವಾರ ಸಮಯವಿದೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನೂ ಯಾರ ಅಜ್ಜಿಯೂ ಆಗಿಲ್ಲದ
ಒಬ್ಬ ದರ್ಜಿ