ನಲವತ್ತೆರಡು ಹೆಜ್ಜೆಯ ಕೆರೆ

ಸುವಾನಿ, ಜಾರ್ಜಿಯಾ, ಜುಲೈ ೨೦೦೭

ಈ ಮಾವನ ಮಾತನ್ನು ಇನ್ನೂ ನಂಬುವ ಚಿ. ಸೌ. ಚೈತನ್ಯಾಳಿಗೆ,

ಅಮೆರಿಕದ ಬೆಟ್ಟಗಳ ಮೇಲಿರುವ ಕೆರೆಗಳನ್ನು ನನ್ನಷ್ಟು ಬಲ್ಲವನು ಇನ್ನೂ ಹುಟ್ಟಿಲ್ಲ. ಜಾರ್ಜಿಯಾದಿಂದ ವರ್ಜೀನಿಯಾದವರೆಗೆ ಯಾವ ದಡದಲ್ಲಿ ಚಕ್ರದ ಮೇಲಿನ ಮನೆಯಂಥ ಟ್ರೈಲರ್ ನಿಲ್ಲಿಸಿದರೆ ಬೆಳಗಿನ ಬಿಸಿಲು ಯಾವ ಕಿಟಕಿಗೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇಪ್ಪತ್ತೈದು ಅಡಿಯ ಟ್ರೈಲರನ್ನು ನಾನು ಒಂದೇ ಕೈಯಲ್ಲಿ ರಿವರ್ಸ್ ತೆಗೆಯುವುದನ್ನು ನೋಡಿ ಪಾರ್ಕಿನ ಆಫೀಸರ್ ಟೋಪಿ ತೆಗೆದು ನಿಂತಿದ್ದ.

ಹೋದ ವರ್ಷ ಬೇಸಿಗೆಯೆಲ್ಲ ಹೀಗೇ ಹೇಳುತ್ತಿದ್ದೆನಲ್ಲ? ನೀವೆಲ್ಲ ಎಲಿಕಾಟ್ ಸಿಟಿಯ ಮನೆಯಲ್ಲಿ ಸ್ಪೀಕರ್ ಫೋನ್ ಹಾಕಿಕೊಂಡು ನಗುತ್ತಿದ್ದಿರಿ. ನಿನ್ನಪ್ಪ, ನಮ್ಮ ತ್ಯಾಗರಾಜ ಭಾವ, ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ ಆಕ್ಸಿಜನ್ ಮಿಷನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ಇನ್ನೊಂದು ಸುಳ್ಳು ಶುರು ಮಾಡುತ್ತಿದ್ದೆ.

ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ನಾನು ದಿನಸಿ ಅಂಗಡಿಯ ವ್ಯಾನಿನಿಂದ ಅಕ್ಕಿ ಮೂಟೆ ಇಳಿಸುತ್ತಿದ್ದೆ. "ಮಾವ, ಅಪ್ಪನ ಮ್ಯಾಪ್ ಸಿಕ್ತು. ಒಂದು ಲೇಕ್ ಪಕ್ಕ ಪೆನ್ಸಿಲಲ್ಲಿ ಫಾರ್ಟಿ ಟೂ ಅಂತ ಬರ್ದಿದಾರೆ. ಅದೇ ತಾನೆ ನೀವಿಬ್ರೂ ಫೈನಲ್ ಮಾಡಿದ್ದು? ನಾನು ಟ್ರೈಲರ್ ರೆಂಟ್ ಮಾಡಿದೀನಿ. ವರ್ಷಾಬ್ದಿಕ ಮುಗಿಸ್ಕೊಂಡು ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಅಪ್ಪ ನಡೀಬೇಕಾಗಿದ್ದ ಆ ಫಾರ್ಟಿ ಟೂ ಸ್ಟೆಪ್ಸ್ ನಾವು ನಡೀತೀವಿ. ಯೆಸ್ ಅನ್ನಿ ಸಾಕು, ಬುಕ್ ಮಾಡ್ಬಿಡ್ತೀನಿ" ಅಂದೆ. ನಾನು ಸಿಗ್ನಲ್ ಇಲ್ಲ ಎಂದು ಫೋನ್ ಇಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಫೋನಿನಲ್ಲಿ ನನಗೆ ನಿಜ ಹೇಳಲು ಬರುವುದಿಲ್ಲ ಮಗು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ನಿನ್ನಮ್ಮನ ಕೈಲಿ ಓದಿಸಿಕೋ. ಅವಳೂ ಓದಲೇಬೇಕು.

ಹೋದ ವರ್ಷ ಮಾರ್ಚಿನಲ್ಲಿ ಡಾಕ್ಟರು ಭಾವನಿಗೆ ಚಳಿಗಾಲ ಕಾಣುವುದು ಕಷ್ಟ ಎಂದರು. ಮೂವತ್ತು ವರ್ಷ ರಾಕ್‌ವಿಲ್‌ನ ಲ್ಯಾಬಿನಲ್ಲಿ ಗಾಜಿನ ಚೂರಿನ ಮೇಲಿನ ಹನಿಯನ್ನೇ ನೋಡುತ್ತ ಕೂತಿದ್ದ ಮನುಷ್ಯ, ಒಂದು ದೊಡ್ಡ ನೀರು ನೋಡಬೇಕು ಅಂದರು. ಹೋಟೆಲು ಬೇಡ, ಮಿಷನ್ನು, ಹಾಸಿಗೆ, ನಿನ್ನಮ್ಮನ ಸಾರು ಎಲ್ಲವೂ ಜೊತೆಗೇ ಬರಬೇಕು, ಅದಕ್ಕೆ ಟ್ರೈಲರೇ ಸರಿ ಅಂದರು. ನೀವು ಉತ್ತರದಿಂದ, ನಾನು ದಕ್ಷಿಣದಿಂದ ಬಂದು ಕ್ಯಾರೊಲಿನಾದ ಬೆಟ್ಟದಲ್ಲಿ ಸೇರುವುದೆಂದು ಮಾತಾಯಿತು. ಟ್ರೈಲರ್ ಕೊಳ್ಳುವುದಕ್ಕೂ ಜಾಗ ಹಿಡಿಯುವುದಕ್ಕೂ ದುಡ್ಡನ್ನು ನಿಮ್ಮ ಮನೆಗೆ ಬಂದಿದ್ದ ನನ್ನ ಕೈಗೇ ಕೊಟ್ಟರು. "ವೇಣು ಕೈಗಾ? ನನ್ನ ತಮ್ಮ ಅಂತ ನಾನೇ ಹೇಳ್ತೀನಿ, ಬೇಡಾರೀ" ಎಂದು ಕಾತ್ಯಾಯಿನಿ ಅಕ್ಕ ಒಳಗಿಂದ ಕೂಗಿದಳು. ಭಾವ ನನ್ನತ್ತ ಕಣ್ಣು ಮಿಟುಕಿಸಿದರು. ಇಡೀ ವಂಶದಲ್ಲಿ ನನ್ನನ್ನು ನಂಬಿ ದುಡ್ಡು ಕೊಟ್ಟವರು ಅವರೊಬ್ಬರೇ.

ಮೊದಲ ಎರಡು ಕೆರೆಗಳನ್ನು ನಾನು ನಿಜವಾಗಿ ಹೋಗಿ ನೋಡಿದೆ. ಭಾವ ಮೂರೇ ಪ್ರಶ್ನೆ ಕೇಳುತ್ತಿದ್ದರು. ಮಿಷನ್ನಿಗೆ ಕರೆಂಟ್ ಇದೆಯೇ, ಮಲಗಿದಲ್ಲಿಂದಲೇ ನೀರು ಕಾಣುತ್ತದೆಯೇ, ಬಾಗಿಲಿನಿಂದ ನೀರಿಗೆ ಎಷ್ಟು ಹೆಜ್ಜೆ. ಮೊದಲನೆಯದರಲ್ಲಿ ಕರೆಂಟ್ ಇರಲಿಲ್ಲ. ಎರಡನೆಯದರಲ್ಲಿ ಇತ್ತು, ನೀರೂ ಕಾಣುತ್ತಿತ್ತು. ಅದನ್ನೇ ಹಿಡಿಯೋಣವೆಂದು ಟ್ರೈಲರ್ ಕೊಳ್ಳಲು ಹೊರಟೆ.

ಸೌತ್ ಕ್ಯಾರೊಲಿನಾದಲ್ಲಿ ಹೈವೇ ಪಕ್ಕದ ಒಂದು ಹೊಲದಲ್ಲಿ ಬಿಳಿ ಟ್ರೈಲರ್ ನಿಂತಿತ್ತು. ಮಾರುವವನು ಬಿಳಿ ಗಡ್ಡದ ಮುದುಕ, ದೇವರಂತಿದ್ದ. ಮುಕ್ಕಾಲು ಬೆಲೆಗೆ ಇಳಿಸಿದೆನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಅವನು ಕೊಟ್ಟ ಇಂಗ್ಲಿಷ್ ಕಾಗದವನ್ನು ನಿನಗೆ ಫ್ಯಾಕ್ಸ್ ಮಾಡಿ ಓದಿಸಬಹುದಿತ್ತು. ವ್ಯಾಪಾರದಲ್ಲಿ ಪಳಗಿದ ವೇಣುಗೋಪಾಲ ಅಕ್ಕನ ಮಗಳನ್ನು ಕೇಳುವುದೇ? ನಗದು ಎಣಿಸಿ ಕೊಟ್ಟು ಬಂದೆ. ಮುಂದಿನ ಶನಿವಾರ ಗೆಳೆಯನ ಟ್ರಕ್ ತೆಗೆದುಕೊಂಡು ಹೋದರೆ ಹೊಲದಲ್ಲಿ ಚಕ್ರದ ಗುರುತು ಬಿಟ್ಟು ಏನೂ ಇರಲಿಲ್ಲ. ಪಕ್ಕದ ಮನೆಯವಳು ಆ ಹೊಲ ಅವನದಲ್ಲ ಅಂದಳು.

ಅವತ್ತು ಸಂಜೆಯೇ ಭಾವನ ಫೋನ್ ಬಂತು. "ಏನಯ್ಯ, ಎರಡ್ನೇ ಕೆರೆ ಗಟ್ಟಿ ಮಾಡ್ದ್ಯಾ?" ಇಲ್ಲ ಭಾವ, ಅಲ್ಲಿ ಸೊಳ್ಳೆ ಜಾಸ್ತಿ, ಇನ್ನೊಂದು ನೋಡುತ್ತೇನೆ ಎಂದುಬಿಟ್ಟೆ.

ಅಷ್ಟೇ ಚೈತನ್ಯಾ. ಅಲ್ಲಿಂದಾಚೆ ನಾನು ಯಾವ ಕೆರೆಯನ್ನೂ ನೋಡಲಿಲ್ಲ. ಹೈವೇ ರೆಸ್ಟ್ ಏರಿಯಾದಲ್ಲಿ ಪುಕ್ಕಟೆ ಸಿಗುವ, ಕೆರೆಗಳ ಚಿತ್ರವಿರುವ ಬಣ್ಣದ ಕಾಗದಗಳನ್ನು ತಂದು, ಅಂಗಡಿಯ ಹಿಂದೆ ವ್ಯಾನಿನಲ್ಲಿ ಕೂತು, ಚಿತ್ರ ನೋಡಿ ವರ್ಣಿಸುತ್ತಿದ್ದೆ. ಪ್ರತಿ ಭಾನುವಾರ ಒಂದು ಕೆರೆ ತೋರಿಸಿ, ಮುಂದಿನ ಭಾನುವಾರ ಅದನ್ನು ಬೇಡವೆನ್ನುತ್ತಿದ್ದೆ. ಒಂದಕ್ಕೆ ಏರು ಜಾಸ್ತಿ, ಒಂದಕ್ಕೆ ಕರಡಿ ಕಾಟ. ದುಡ್ಡು ಹೊಂದಿಸಿಕೊಂಡ ಮೇಲೆ ಒಂದನ್ನು ಒಪ್ಪೋಣ ಎಂದು. ಎರಡು ಕಡೆ ಕೆಲಸ ಮಾಡಿದರೂ ದುಡ್ಡು ಹೊಂದಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಒಂದು ಗಳಿಗೆ ನೀರು ತೋರಿಸಿ ಬರಬಹುದಿತ್ತು. ನಿಜ ಹೇಳಿದ್ದರೆ ನೀನೇ ಕರೆದುಕೊಂಡು ಹೋಗುತ್ತಿದ್ದೆ.

ಕೊನೆಯ ಕೆರೆಗೆ ಎಷ್ಟು ಹೆಜ್ಜೆ ಎಂದು ಕೇಳಿದಾಗ ನನ್ನ ಮುಂದೆ ಬೇಳೆಯ ಲೋಡಿನ ಚೀಟಿ ಇತ್ತು. ಅದರ ಮೇಲೆ ನಲವತ್ತೆರಡು ಮೂಟೆ ಎಂದು ಬರೆದಿತ್ತು. ನಲವತ್ತೆರಡು ಭಾವ, ಎಣಿಸಿಯೇ ಬಂದಿದ್ದೇನೆ ಅಂದೆ.

ಅವರು ನಿಮ್ಮ ಮನೆಯ ಹಜಾರದಲ್ಲಿ ಮೂಗಿನ ನಳಿಕೆ ಎಳೆದುಕೊಂಡು ದಿನವೂ ಹೆಜ್ಜೆ ಎಣಿಸುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಮೊದಲು ಹನ್ನೆರಡಕ್ಕೆ ಕೂತುಬಿಡುತ್ತಿದ್ದರು, ಆಮೇಲೆ ಇಪ್ಪತ್ತಾಯಿತು ಎಂದು ನೀನು ಹದಿಮೂರನೆಯ ದಿನ ಹೇಳಿದೆ. ಆದರೆ ಕೊನೆಯ ಫೋನಿನ ವಿಷಯ ನಿನಗೆ ಗೊತ್ತಿಲ್ಲ. ನೀನು ಆಫೀಸಿನಲ್ಲಿದ್ದೆ. ಏದುಸಿರು ಬಿಡುತ್ತ, "ವೇಣು, ಇವತ್ತು ನಲವತ್ತೆರಡು ಮುಟ್ಟಿದೆ ಕಣಯ್ಯ. ನಿಮ್ಮಕ್ಕನ್ನೇ ಕೇಳು. ಯಾವತ್ತು ಹೊರಡೋಣ?" ಅಂದರು.

ನಾನು ಏನೆಂದೆ ಗೊತ್ತೇ? "ಕೆರೇಲಿ ಈಗ ಪಾಚಿ ಕಟ್ಟಿದೆ ಭಾವ. ಇನ್ನೊಂದು ನೋಡ್ತೀನಿ" ಎಂದೆ. ಮಿಷನ್ನಿನ ಸದ್ದಿನ ನಡುವೆ "ಹೂಂ, ನೋಡು" ಅಂದರು. ಅದಾದ ಒಂಬತ್ತನೆಯ ದಿನಕ್ಕೆ ಹೋದರು.

ಆದ್ದರಿಂದ ಆ ಕೆರೆಗೆ ಹೋಗಬೇಡ ತಾಯಿ. ಅಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನಿನ್ನಮ್ಮನ ಕೈ ಹಿಡಿದು ಎಣಿಸುತ್ತ ಹೋಗಿ ನಲವತ್ತೆರಡಕ್ಕೆ ನೀರು ಸಿಗದಿದ್ದರೆ ಏನು ಮಾಡುತ್ತೀರಿ? ಮ್ಯಾಪಿನಲ್ಲಿ ಭಾವ ಎರಡನೆಯದೆಂದು ಗುರುತು ಹಾಕಿ, ನನ್ನ ಮಾತು ಕೇಳಿ ಹೊಡೆದುಹಾಕಿದ ಕೆರೆಯೊಂದಿದೆ. ಅಲ್ಲಿಗೆ ಹೋಗಿ. ಅಲ್ಲಿ ಕರೆಂಟ್ ಇದೆ, ಮಲಗಿದಲ್ಲಿಂದ ನೀರು ಕಾಣುತ್ತದೆ, ಒಂದೂ ಸೊಳ್ಳೆ ಇರಲಿಲ್ಲ. ಹೆಜ್ಜೆ ನಾನು ಎಣಿಸಲಿಲ್ಲ. ನನ್ನನ್ನು ಕರೆಯಬೇಡಿ. ಕರೆದರೆ ಬಂದುಬಿಡುತ್ತೇನೆ, ಬಂದರೆ ಮತ್ತೆ ಏನಾದರೂ ಕತೆ ಹೇಳುತ್ತೇನೆ.

ನಿನ್ನ ಉಸಿರು ಯಾವತ್ತೂ ಹಗುರವಾಗಿರಲಿ, ನೂರು ವರ್ಷ ನಡೆ.

ನಿನ್ನ ಸೋದರಮಾವ,
ವೇಣುಗೋಪಾಲ

ಅಕ್ಕನಿಗೆ: ಟ್ರೈಲರಿಗೆ ಕೊಟ್ಟ ಐನೂರು ಡಾಲರ್ ಅಡ್ವಾನ್ಸ್ ಮಾತ್ರ ಹೋಯಿತು, ಮಿಕ್ಕಿದ್ದು ನನ್ನ ಹತ್ತಿರ ಭದ್ರವಾಗಿದೆ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಹೋದದ್ದು ಹನ್ನೊಂದು ಸಾವಿರದ ಇನ್ನೂರು. ಭಾವ ಕೊಟ್ಟದ್ದಷ್ಟೂ.