ಸಮ್ರೀನ ನನಗೆ ಅಂದ ಇಂಗ್ಲಿಷ್ ಮಾತು

ಹಳಿಯಾಳ
ಜುಲೈ ೪

ಬೀಗತಿ ಹುಸೇನಬಿ ಅವರಿಗೆ ಬೀಬಿಜಾನಳ ಸಲಾಂ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು ಈ ವಯಸ್ಸಿನಲ್ಲಿ ಬರೆಯಲು ಕೂಡಿಸಿದ್ದೀರಿ. ನಿಮಗೆ ಕಿವಿ ಕೇಳುವುದಿಲ್ಲ, ಮೊಮ್ಮಗಳು ಸಮ್ರೀನ ನನ್ನ ಫೋನ್ ಎತ್ತುವುದಿಲ್ಲ. ಇನ್ನೇನು ಮಾಡಲಿ? ಬೆರಳು ಬೇರೆ ನೋಯುತ್ತಿವೆ.

ಸಮ್ರೀನ ಹೋದ ಶುಕ್ರವಾರ ಸಿಟ್ಟಿನಿಂದ ಮುಂಡಗೋಡದ ಬಸ್ ಹತ್ತಿ ನಿಮ್ಮಲ್ಲಿಗೆ ಬಂದದ್ದು ಯಾಕೆಂದು ಹೇಳಿರಬೇಕು. ನಾನು ಅವಳ ಕಾಲೇಜಿನ ಚೀಲ ತೆರೆದೆ. ಡಬ್ಬಿ ತೊಳೆಯಲು ತೆಗೆದೆ ಎಂದು ಅವಳಿಗೆ ಹೇಳಿದೆ. ಸುಳ್ಳು. ನೀವು ಅವಳಿಗೆ ವಾರಕ್ಕೊಂದು ಬರೆಯುವ ಪತ್ರ ಓದುವುದಕ್ಕೇ ಕೈ ಹಾಕಿದ್ದು. ಅವಳು ಬಾಗಿಲಲ್ಲಿ ನಿಂತು, ಅಪ್ಪನ ತಾಯಿ ಎಂದೂ ನೋಡದೆ, "ದಾದಿ, ಇದಕ್ಕ ಸ್ನೂಪ್ ಮಾಡೂದು ಅಂತಾರ. ನಾಚಿಕಿ ಬರೂದಿಲ್ಲೇನು ನಿನಗ?" ಅಂದಳು.

ನಾಚಿಕೆ ಗೊತ್ತು, ಸ್ನೂಪ್ ಗೊತ್ತಿರಲಿಲ್ಲ. ಹೊಲಸು ಬೈಗುಳವಿದ್ದರೆ ನಿಮಗೆ ದೂರು ಬರೆಯೋಣ ಎಂದು ನಮ್ಮ ಓಣಿಯ ದ್ಯಾಮಪ್ಪ ಮಾಸ್ತರರ ಹತ್ತಿರ ಹೋದೆ. ಅವರು ದಪ್ಪ ಪುಸ್ತಕ ತೆಗೆದರು. "ಬೈಗುಳ ಅಲ್ರೀ ಬೀಬಿಜಾನ. ಮಂದೀ ವಿಷಯ ಕದ್ದು ತಿಳ್ಕೊಳ್ಳೋ ಚಾಳಿ. ಡಚ್ಚರ ಮಾತಿನಿಂದ ಬಂದದ್ದು, ಅಲ್ಲೆ ಅದಕ್ಕ ಮಿಠಾಯಿ ಕದ್ದು ತಿನ್ನೂದು ಅಂತ ಅರ್ಥ. ಅಮೇರಿಕಾಕ್ಕ ಹೋದಮ್ಯಾಲೆ ಮೂಗು ತೂರಿಸೂದು ಆತು." ಕನ್ನಡಕ ಇಳಿಸಿ, "ಅಲ್ರೀ, ನೀವು ಏನ್ ತಿಂದ್ರಿ?" ಎಂದು ಕೇಳಿದರು. ನಾನು ಎದ್ದು ಬಂದೆ.

ನಿಮಗೆ ಹೇಳುತ್ತೇನೆ. ನಿಮ್ಮ ಮಗಳು ತೀರಿದಾಗಿನಿಂದ ಹದಿನಾರು ವರ್ಷ ಈ ಹುಡುಗಿಯ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ನಾನು. ಏನು ಕೇಳಿದರೂ ನನಗೆ ಬರೀ 'ಹೂಂ'. ನಿಮಗೆ ನಾಲ್ಕು ಪುಟ. ಅವಳಿಗೆ ಟೀಚರ್ ಆಗುವ ಆಸೆ ಇದೆ ಎಂಬುದು ಮುಂಡಗೋಡದಲ್ಲಿ ಗೊತ್ತು, ಅವಳು ಮಲಗುವ ಮನೆಯಲ್ಲಿ ಗೊತ್ತಿಲ್ಲ. ನಿಮ್ಮ ಉತ್ತರ ಓದಿ ನಾನು ಅವಳ ಮನಸ್ಸು ತಿಳಿದುಕೊಳ್ಳಬೇಕು. ನನಗೆ ಬಡಿಸದ್ದನ್ನು ಕದ್ದು ತಿಂದೆ. ರುಚಿಯಾಗಿಯೇ ಇತ್ತು. ಹೊಟ್ಟೆಯೂ ಉರಿಯಿತು.

ಅವಳನ್ನು ಅಲ್ಲೇ ಇಟ್ಟುಕೊಳ್ಳುವ ವಿಚಾರ ಬೇಡ. ಕಾಲೇಜು ಇಲ್ಲಿದೆ. ನಾನೂ ಇಲ್ಲಿದ್ದೇನೆ.

ಇಂತಿ,
ಬೀಬಿಜಾನ

ತಾ.ಕ.: ಹೋದ ತಿಂಗಳ ನಿಮ್ಮ ಒಂದು ಪತ್ರ ಅವಳಿಗೆ ಮುಟ್ಟಿಲ್ಲ. ಪೋಸ್ಟಿನವನಿಂದ ನಾನೇ ಇಸಿದುಕೊಂಡು ಬಚ್ಚಿಟ್ಟೆ. 'ನಿನ್ನ ದಾದಿ ಸಿಟ್ಟಿನಾಕಿ, ಆದರೂ ಅವಳನ್ನು ಬಿಟ್ಟು ಬರಬೇಡ, ಆಕಿಗೆ ನೀನೊಬ್ಬಳೇ' ಎಂದು ಅದರಲ್ಲಿ ಬರೆದಿದ್ದಿರಿ. ನನ್ನ ಪರವಾಗಿ ನೀವು ಹೇಳುವುದು ನನಗೆ ಸಹಿಸಲಾಗಲಿಲ್ಲ. ಈಗ ಆ ಮಾತನ್ನು ಅವಳಿಗೆ ಬಾಯಿಂದಲೇ ಹೇಳಿರಿ. ಏನಂದಳು ಎಂದು ಹದಿನೈದನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.